ಗ್ರಂಥಾಲಯದ ಹೊಸ ಪುಸ್ತಕಗಳ ಮೇಜು: ನಿಮ್ಮ ಊರಿಗೆ ಏನು ಬಂದಿದೆ, ನೀವು ಏನನ್ನು ಮನೆಗೆ ತಂದಿರಿ?

ತುಂಗಾತೀರದ ಓದುಗ

ಎಲ್ಲರಿಗೂ ನಮಸ್ಕಾರ. ಪ್ರತಿ ವರ್ಷದಂತೆ ನವೆಂಬರ್ 14ರಿಂದ 20ರವರೆಗೆ ಗ್ರಂಥಾಲಯ ಸಪ್ತಾಹ ನಡೆಯಿತು. ನಮ್ಮ ಊರಿನ ಕೇಂದ್ರ ಗ್ರಂಥಾಲಯದಲ್ಲಿ ಬಾಗಿಲ ಎದುರಿಗೇ ಎರಡು ಉದ್ದನೆಯ ಮೇಜು ಹಾಕಿ ಹೊಸದಾಗಿ ಬಂದ ಪುಸ್ತಕಗಳನ್ನು ಮುಖ ಮೇಲೆ ಮಾಡಿ ಜೋಡಿಸಿದ್ದರು. ಒಂದರ ಮೇಲೆ ಕಥೆ, ಕಾದಂಬರಿ. ಇನ್ನೊಂದರ ಮೇಲೆ ಉಳಿದದ್ದೆಲ್ಲ: ಆತ್ಮಕಥೆ, ಇತಿಹಾಸ, ವಿಜ್ಞಾನ, ಪರಿಸರ, ಪ್ರವಾಸ ಕಥನ, ಕೃಷಿ, ವಿಮರ್ಶೆ. ನಾನು ಇಪ್ಪತ್ತೆರಡು ವರ್ಷಗಳಿಂದ ಅಲ್ಲಿನ ಸದಸ್ಯ. ಬಾಗಿಲು ದಾಟಿದರೆ ನನ್ನ ಕಾಲು ತಾನಾಗಿ ಕಾದಂಬರಿಯ ಕಪಾಟಿನ ಕಡೆಗೆ ಹೋಗುತ್ತದೆ. ಈ ಸಲ ಎರಡನೆಯ ಮೇಜಿನ ಮುಂದೆ ಒಂದು ಗಂಟೆ ನಿಂತುಬಿಟ್ಟೆ. ಅದು ಮೊದಲನೆಯದಕ್ಕಿಂತ ದೊಡ್ಡದಾಗಿತ್ತು.

ಆಮೇಲೆ ಮನೆಯಲ್ಲಿ ಕುಳಿತು ಒಂದು ಲೆಕ್ಕ ಹಾಕಿದೆ. 2017ರಿಂದ 2024ರವರೆಗೆ ಕನ್ನಡಕ್ಕೆ ಬಂದ ಎಂಟು ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಗಳಲ್ಲಿ ಒಂದು ಮಹಾಕಾವ್ಯಕ್ಕೆ ಸಂದಿದೆ. ಉಳಿದ ಏಳೂ ವಿಮರ್ಶೆ, ಆತ್ಮಕಥೆ, ಜೀವನ ಚರಿತ್ರೆ ಮತ್ತು ಪ್ರಬಂಧಗಳಿಗೆ. ಅದಕ್ಕೂ ಹಿಂದೆ, 2016ರಲ್ಲಿ, ಬೊಳುವಾರು ಅವರ ಕಾದಂಬರಿಗೆ ಬಂದದ್ದು. ಕನ್ನಡದಲ್ಲಿ ಇಷ್ಟೊಂದು ಗಟ್ಟಿಯಾದ ಕಥೇತರ ಗದ್ಯ ಬರುತ್ತಿರುವಾಗ ನಾನು ಇಷ್ಟು ವರ್ಷ ಒಂದೇ ಕಪಾಟಿನ ಮುಂದೆ ನಿಂತಿದ್ದೆ ಎನ್ನುವುದು ನೋವಾಯಿತು.

ಆ ಮೇಜಿನಿಂದ ಮೂರು ತಂದೆ. ವಿಜಯಾ ಅವರ ಆತ್ಮಕಥೆ ‘ಕುದಿ ಎಸರು’. ಶಿವಮೊಗ್ಗದಲ್ಲಿ ನೆಲೆಸಿದ್ದ ಡಿ.ಎಸ್. ನಾಗಭೂಷಣ ಅವರ ‘ಗಾಂಧಿ ಕಥನ’. ಮೂರನೆಯದು ಜೇನು ಸಾಕಣೆಯ ಕುರಿತ ತೆಳ್ಳನೆಯ ಪುಸ್ತಕ. ಮೊದಲಿನ ಎರಡು ಈ ವರ್ಷ ಅಚ್ಚಾದವಲ್ಲ, ನಮ್ಮ ಗ್ರಂಥಾಲಯಕ್ಕೆ ಹೊಸದಾಗಿ ಬಂದವು ಅಷ್ಟೇ. ‘ಕುದಿ ಎಸರು’ ಹಿಡಿದವನು ರಾತ್ರಿ ಎರಡು ಗಂಟೆಯವರೆಗೆ ಕೆಳಗಿಡಲಿಲ್ಲ. ಒಬ್ಬ ಹೆಣ್ಣುಮಗಳು ತನ್ನ ಬದುಕನ್ನು ಹೀಗೆ ಮುಚ್ಚುಮರೆ ಇಲ್ಲದೆ ಹೇಳಿಕೊಂಡದ್ದನ್ನು ನಾನು ಕಾದಂಬರಿಗಳಲ್ಲಿಯೂ ಹೆಚ್ಚು ಓದಿಲ್ಲ.

ಸಪ್ತಾಹ ಮುಗಿದ ಮೇಲೆ ಹೋದಾಗ ಎರಡೂ ಮೇಜು ಇರಲಿಲ್ಲ. ಕಾದಂಬರಿಗಳು ಎಲ್ಲಿ ಹೋದವೆಂದು ನನಗೆ ಗೊತ್ತಿತ್ತು. ಆ ಎರಡನೆಯ ಮೇಜಿನ ಪುಸ್ತಕಗಳು ಮಾತ್ರ ಹುಡುಕಿದರೂ ಸಿಗಲಿಲ್ಲ. ನಿಮ್ಮ ಊರುಗಳಲ್ಲಿ ಹೇಗೆ? ಹೊಸದಾಗಿ ಏನು ಬಂದಿದೆ, ಏನನ್ನು ತಂದಿರಿ, ದಯವಿಟ್ಟು ಬರೆಯಿರಿ.

ನಿವೃತ್ತ ಗ್ರಂಥಪಾಲಕ

ನಿಮ್ಮ ಎರಡನೆಯ ಮೇಜಿನ ಪುಸ್ತಕಗಳು ಎಲ್ಲಿ ಹೋದವು ಎಂದು ನಾನು ಹೇಳುತ್ತೇನೆ. ಮೂವತ್ತನಾಲ್ಕು ವರ್ಷ ಅದೇ ಕೆಲಸ ಮಾಡಿದವನು.

ವಿಷಯಕ್ಕೊಂದು ಸಂಖ್ಯೆ ಕೊಟ್ಟು ಪುಸ್ತಕ ಜೋಡಿಸುವ ದಶಾಂಶ ವರ್ಗೀಕರಣದಲ್ಲಿ ಕನ್ನಡ ಸಾಹಿತ್ಯದ ಸಂಖ್ಯೆ 894.814. ಕಾದಂಬರಿ, ಕಥೆ, ಕವಿತೆ, ನಾಟಕ ಎಲ್ಲವೂ ಅಲ್ಲಿಯೇ ಒಟ್ಟಿಗೆ ಸಿಗುತ್ತವೆ. ನಿಮ್ಮ ಜೇನು ಸಾಕಣೆ 630ರ ಕೃಷಿ ವಿಭಾಗಕ್ಕೆ ಹೋಗುತ್ತದೆ. ಜೀವನ ಚರಿತ್ರೆ 920ಕ್ಕೆ, ವಿಜ್ಞಾನ 500ಕ್ಕೆ, ಭಾರತದ ಇತಿಹಾಸ 954ಕ್ಕೆ. ಮೇಜಿನ ಮೇಲೆ ಅಕ್ಕಪಕ್ಕ ಕುಳಿತಿದ್ದ ನಲವತ್ತು ಪುಸ್ತಕಗಳು ಮರುದಿನ ಕಟ್ಟಡದ ನಲವತ್ತು ಮೂಲೆಗೆ ಚದುರುತ್ತವೆ. ಕಾದಂಬರಿಯ ಓದುಗನಿಗೆ ಒಂದು ಕಪಾಟು ಗೊತ್ತಿದ್ದರೆ ಸಾಕು. ಕಥೇತರ ಕೃತಿಗಳ ಓದುಗ ಇಡೀ ಗ್ರಂಥಾಲಯವನ್ನು ಬಲ್ಲವನಾಗಿರಬೇಕು. ಆದ್ದರಿಂದ ಆ ಬಗೆಯ ಪುಸ್ತಕ ಓದುಗನ ಕಣ್ಣಿಗೆ ಬೀಳುವುದು ಹೊಸ ಪುಸ್ತಕಗಳ ಮೇಜಿನ ಮೇಲಿರುವಷ್ಟು ದಿನ ಮಾತ್ರ. ನಾನು ಸೇವೆಯಲ್ಲಿದ್ದಾಗ ಸಪ್ತಾಹ ಮುಗಿದರೂ ಒಂದು ಮೇಜನ್ನು ವರ್ಷವಿಡೀ ತೆಗೆಯುತ್ತಿರಲಿಲ್ಲ. ದಿನಪತ್ರಿಕೆ ಓದಲು ಬಂದವರೂ ಅದರ ಮುಂದೆ ಹಾದು ಹೋಗಲೇಬೇಕು, ಅಂಥ ಜಾಗದಲ್ಲಿ ಇಟ್ಟಿದ್ದೆ.

ಭಾರತದ ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್ ಅವರು ಗ್ರಂಥಾಲಯಗಳಿಗಾಗಿ 1931ರಲ್ಲಿ ಹೇಳಿದ ಐದು ಸೂತ್ರಗಳಲ್ಲಿ ಮೂರನೆಯದು, ಪ್ರತಿ ಪುಸ್ತಕಕ್ಕೂ ಅದರ ಓದುಗ ಸಿಗಬೇಕು ಎನ್ನುವುದು. ಅವರು ತಮ್ಮ ಕೊನೆಯ ವರ್ಷಗಳನ್ನು ಬೆಂಗಳೂರಿನಲ್ಲಿಯೇ ಕಳೆದವರು. ಗ್ರಂಥಾಲಯ ವಿಜ್ಞಾನದ ತರಬೇತಿ ಕೇಂದ್ರವನ್ನು 1962ರಲ್ಲಿ ಇಲ್ಲಿಯೇ ಕಟ್ಟಿದರು. ಆ ಸೂತ್ರವನ್ನು ನಾನು ಮೇಜು ಎಂದೇ ಅರ್ಥಮಾಡಿಕೊಂಡಿದ್ದೇನೆ.

ಪರೀಕ್ಷೆಯ ತಯಾರಿ

ಸರ್, ನಾನು ಕೆಪಿಎಸ್‌ಸಿ ಪರೀಕ್ಷೆಗೆ ಓದುತ್ತಿರುವವನು. ನಮ್ಮ ಊರಿನಲ್ಲಿ ಬೆಳಿಗ್ಗೆ ಎಂಟಕ್ಕೆ ಬಾಗಿಲು ತೆರೆಯುವ ಮೊದಲೇ ನಲವತ್ತು ಜನ ಸಾಲಿನಲ್ಲಿ ನಿಂತಿರುತ್ತೇವೆ, ಕುರ್ಚಿಗಾಗಿ. ಒಂದು ಮೇಜು ಹೊಸ ಪುಸ್ತಕಕ್ಕೆ ಹೋದರೆ ಆರು ಜನರ ಜಾಗ ಹೋಗುತ್ತದೆ. ನನ್ನ ಮಾತನ್ನು ತಪ್ಪು ತಿಳಿಯಬೇಡಿ, ನನಗೂ ಓದುವ ಆಸೆ ಇದೆ. ಆದರೆ ನಮಗೆ ಈಗ ಬೇಕಿರುವುದು ಈ ವರ್ಷದ ಆರ್ಥಿಕ ಸಮೀಕ್ಷೆ, ತಿದ್ದುಪಡಿಗಳು ಸೇರಿದ ಸಂವಿಧಾನದ ಪುಸ್ತಕ, ಕರ್ನಾಟಕದ ಇತಿಹಾಸದ ಒಳ್ಳೆಯ ಒಂದು ಪರಾಮರ್ಶನ ಗ್ರಂಥ. ಕಪಾಟಿನಲ್ಲಿ ಇರುವುದು ಏಳೆಂಟು ವರ್ಷ ಹಳೆಯದು. ಅದನ್ನು ಓದಿ ಉತ್ತರ ಬರೆದರೆ ಅಂಕ ಹೋಗುತ್ತದೆ.

ತುಂಗಾತೀರದ ಓದುಗ

ತಮ್ಮಾ, ನೀನು ಹೇಳಿದ ಮೂರೂ ಹೊಸ ಪುಸ್ತಕಗಳೇ. ಅವು ಬೇಕೆಂದು ಗ್ರಂಥಾಲಯದಲ್ಲಿ ಬರೆದು ಕೊಟ್ಟಿದ್ದೀಯಾ?

ಪರೀಕ್ಷೆಯ ತಯಾರಿ

ಇಲ್ಲ ಸರ್. ಹಾಗೆ ಬರೆದು ಕೊಡಬಹುದು ಎಂದು ಗೊತ್ತಿರಲಿಲ್ಲ.

ನಿವೃತ್ತ ಗ್ರಂಥಪಾಲಕ

ಕೊಡಬಹುದು, ಕೊಡಲೇಬೇಕು. ಪುಸ್ತಕ ಬರುವ ದಾರಿಗಳನ್ನು ಹೇಳುತ್ತೇನೆ, ಆಗ ಎಲ್ಲಿ ಕೇಳಬೇಕೆಂದು ತಿಳಿಯುತ್ತದೆ.

ಮೊದಲನೆಯದು ರಾಜ್ಯಮಟ್ಟದ ಸಗಟು ಖರೀದಿ. ಒಂದು ವರ್ಷದಲ್ಲಿ ಮೊದಲ ಮುದ್ರಣ ಕಂಡ ಪುಸ್ತಕಗಳನ್ನು ಆ ವರ್ಷ ಮುಗಿದ ಮೇಲೆ ಆಹ್ವಾನಿಸುತ್ತಾರೆ. ಆಯ್ಕೆ ಸಮಿತಿ ನೋಡಬೇಕು, ಪಟ್ಟಿ ಆಗಬೇಕು, ಆದೇಶ ಹೋಗಬೇಕು, ಪ್ರತಿಗಳು ಬರಬೇಕು. ಜನವರಿಯಲ್ಲಿ ಅಚ್ಚಾದ ಕಾದಂಬರಿ ಈ ದಾರಿಯಲ್ಲಿ ಅದೇ ವರ್ಷ ನಿಮ್ಮ ಊರಿಗೆ ಬರುವುದು ಸಾಧ್ಯವೇ ಇಲ್ಲ.

ಎರಡನೆಯದು ನಗರ ಅಥವಾ ಜಿಲ್ಲಾ ಗ್ರಂಥಾಲಯ ಪ್ರಾಧಿಕಾರ ತಾನೇ ಕೊಳ್ಳುವುದು. ಇದರ ಹಣ ನಿಮ್ಮದು. 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯಗಳ ಕಾಯ್ದೆಯ ಪ್ರಕಾರ ಆಸ್ತಿ ತೆರಿಗೆಯ ಜೊತೆಗೆ ಗ್ರಂಥಾಲಯ ಕರ ವಸೂಲಾಗುತ್ತದೆ, ಈಗ ಅದು ಶೇ 6. ತೆರಿಗೆ ಕಟ್ಟಿದ ರಸೀದಿಯನ್ನು ತೆಗೆದು ನೋಡಿ, ಪ್ರತ್ಯೇಕ ಸಾಲಿನಲ್ಲಿ ಇರುತ್ತದೆ. ಸಾವಿರ ರೂಪಾಯಿ ತೆರಿಗೆ ಕಟ್ಟಿದವರು ಅರುವತ್ತು ರೂಪಾಯಿಯನ್ನು ಗ್ರಂಥಾಲಯಕ್ಕೆ ಕೊಟ್ಟಿರುತ್ತಾರೆ. ಓದುಗರ ಬೇಡಿಕೆ ಕೆಲಸ ಮಾಡುವುದು ಇಲ್ಲಿ.

ಮೂರನೆಯದು ಕೋಲ್ಕತ್ತದ ರಾಜಾ ರಾಮಮೋಹನ ರಾಯ್ ಗ್ರಂಥಾಲಯ ಪ್ರತಿಷ್ಠಾನ. ಅದು 1972ರಿಂದ ರಾಜ್ಯಗಳ ಸಹಭಾಗಿತ್ವದಲ್ಲಿ ಪುಸ್ತಕ ಕೊಡುತ್ತಾ ಬಂದಿದೆ. ಇನ್ನು ದಾನವಾಗಿ ಬರುವವು ಬೇರೆ.

ನನ್ನ ಕಾಲದಲ್ಲಿ ಮೇಜಿನ ಮೇಲೆ ಒಂದು ಬೇಡಿಕೆ ಪುಸ್ತಕ ಇಟ್ಟಿದ್ದೆ, ದಾರ ಕಟ್ಟಿದ ಪೆನ್ನಿನ ಜೊತೆಗೆ. ಮುನ್ನೂರು ಸದಸ್ಯರು ನಿತ್ಯ ಬರುತ್ತಿದ್ದ ಕಡೆ ವರ್ಷಕ್ಕೆ ಹತ್ತು ಹನ್ನೆರಡು ಜನ ಬರೆಯುತ್ತಿದ್ದರು. ಖರೀದಿಯ ಸಭೆಯಲ್ಲಿ ‘ಓದುಗರು ಕೇಳುತ್ತಿದ್ದಾರೆ’ ಎಂದು ಹೇಳಲು ನನ್ನ ಕೈಯಲ್ಲಿದ್ದ ಸಾಕ್ಷಿ ಅದೊಂದೇ. ಆ ಹಾಳೆ ಖಾಲಿ ಇದ್ದ ವರ್ಷ ನಾನು ಏನು ವಾದಿಸಿದರೂ ನನ್ನ ಸ್ವಂತ ಇಷ್ಟವೆಂದು ತಳ್ಳಿಹಾಕುತ್ತಿದ್ದರು. ಪುಸ್ತಕದ ಹೆಸರು, ಬರೆದವರು, ಪ್ರಕಾಶಕರು, ಬೆಲೆ, ಐಎಸ್‌ಬಿಎನ್ ಸಂಖ್ಯೆ, ಇಷ್ಟನ್ನೂ ಬರೆಯಿರಿ. ಬರೀ ಹೆಸರು ಬರೆದರೆ ಹುಡುಕುವುದು ಕಷ್ಟ.

ಅರಿವು ಕೇಂದ್ರದ ಮೇಲ್ವಿಚಾರಕಿ

ನಮಸ್ಕಾರ. ನಾನು ಹಾವೇರಿ ಜಿಲ್ಲೆಯ ಒಂದು ಗ್ರಾಮ ಪಂಚಾಯಿತಿ ಅರಿವು ಕೇಂದ್ರವನ್ನು, ಅಂದರೆ ಪಂಚಾಯಿತಿಯ ಗ್ರಂಥಾಲಯವನ್ನು, ನೋಡಿಕೊಳ್ಳುತ್ತೇನೆ. 2019ರಲ್ಲಿ ಪಂಚಾಯಿತಿ ಗ್ರಂಥಾಲಯಗಳು ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು. 2020ರ ನವೆಂಬರಿನಲ್ಲಿ ‘ಓದುವ ಬೆಳಕು’ ಆರಂಭವಾದ ಮೇಲೆ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟೆವು. ಆಗ ನಮ್ಮಲ್ಲಿ ಮಕ್ಕಳ ಪುಸ್ತಕ ಎಂದರೆ ಒಂದೂವರೆ ಸಾಲು ಇತ್ತು. ಈಗ ಒಂದು ಇಡೀ ಕಪಾಟು ಇದೆ.

ದೊಡ್ಡ ಊರಿನವರು ಮೇಜಿನ ಮಾತಾಡುತ್ತಿದ್ದೀರಿ. ನಮ್ಮದು ಒಂದೇ ಕೋಣೆ. ನಾನು ಏನು ಮಾಡಿದೆನೆಂದರೆ, ಗೋಡೆಗೆ ಎರಡು ಮೊಳೆ ಹೊಡೆದು ನೈಲಾನ್ ಹಗ್ಗ ಕಟ್ಟಿದೆ. ಬಟ್ಟೆ ಒಣಗಿಸುವ ಕ್ಲಿಪ್ ಹಾಕಿ ಹೊಸ ಪುಸ್ತಕಗಳನ್ನು ಮಕ್ಕಳ ಕಣ್ಣಿನ ಎತ್ತರಕ್ಕೆ ತೂಗುಹಾಕಿದೆ. ಕಪಾಟಿನಲ್ಲಿ ಬೆನ್ನು ತೋರಿಸಿಕೊಂಡು ನಿಂತಿದ್ದಾಗ ಯಾರೂ ಮುಟ್ಟದ ಪುಸ್ತಕವನ್ನು ಹಗ್ಗದ ಮೇಲೆ ನೇತುಹಾಕಿದ ದಿನವೇ ಮೂರು ಮಕ್ಕಳು ಕೇಳಿದರು. ಅದು ಕಪ್ಪೆಗಳ ಬಗ್ಗೆ ಚಿತ್ರಗಳಿದ್ದ ಪುಸ್ತಕ. ಐದನೆಯ ತರಗತಿಯ ಒಬ್ಬ ಹುಡುಗ ಅದನ್ನು ಮೂರು ಸಲ ತೆಗೆದುಕೊಂಡು ಹೋದ. ನಂತರ ಮಳೆಗಾಲದಲ್ಲಿ ತಮ್ಮ ಹೊಲದ ಬದುವಿನಲ್ಲಿ ಯಾವ ಕಪ್ಪೆ ಕೂಗುತ್ತದೆ ಎಂದು ಅವನೇ ನನಗೆ ಹೇಳಲು ಬಂದ. ನಮ್ಮ ಮಕ್ಕಳಿಗೆ ಕಥೆಯೂ ಬೇಕು, ನಿಜವಾದ ಸಂಗತಿಯೂ ಬೇಕು. ಕನ್ನಡದಲ್ಲಿ ಸಣ್ಣ ಮಕ್ಕಳಿಗಾಗಿ ಪ್ರಾಣಿ, ಗಿಡ, ಯಂತ್ರ, ಆಕಾಶ ಇವುಗಳ ಬಗ್ಗೆ ಚೆನ್ನಾಗಿ ಅಚ್ಚಾದ ಪುಸ್ತಕಗಳು ಸಾಲದು. ಬರೆಯುವವರು ಇಲ್ಲಿ ಇದ್ದರೆ ದಯವಿಟ್ಟು ಗಮನಿಸಿ.

ನಿವೃತ್ತ ಗ್ರಂಥಪಾಲಕ

ಮೇಡಂ, ಆ ಹಗ್ಗಕ್ಕೆ ನನ್ನ ನಮಸ್ಕಾರ. ಹೆಚ್ಚು ಹೇಳಲಾರೆ.

ಸಣ್ಣ ಪ್ರಕಾಶನ

ಪ್ರಕಾಶಕರ ಕಡೆಯಿಂದಲೂ ಒಂದು ಮಾತು. ನಾವು ವರ್ಷಕ್ಕೆ ಎಂಟೋ ಹತ್ತೋ ಪುಸ್ತಕ ತರುತ್ತೇವೆ, ಒಂದೊಂದು ಐನೂರರಿಂದ ಸಾವಿರ ಪ್ರತಿ. ಕಾದಂಬರಿಯಾದರೆ ಲೇಖಕರ ಹೆಸರಿನ ಮೇಲೆ ಅಂಗಡಿಯಲ್ಲಿ ಸ್ವಲ್ಪ ಹೋಗುತ್ತದೆ. ಒಂದು ನದಿಯ ಇತಿಹಾಸವನ್ನೋ ಒಂದು ಕಸುಬಿನ ಅಧ್ಯಯನವನ್ನೋ ಅಚ್ಚು ಹಾಕುವಾಗ ಗ್ರಂಥಾಲಯವನ್ನೇ ನೆಚ್ಚಿಕೊಂಡಿರುತ್ತೇವೆ. ಅಂಥ ಪುಸ್ತಕವನ್ನು ಮುನ್ನೂರು ರೂಪಾಯಿ ಕೊಟ್ಟು ಕೊಳ್ಳಬೇಕೆ ಎಂದು ಓದುಗ ಅನುಮಾನಿಸುತ್ತಾನೆ. ಗ್ರಂಥಾಲಯದಲ್ಲಿ ಸಿಕ್ಕರೆ ಅನುಮಾನವಿಲ್ಲದೆ ತೆರೆಯುತ್ತಾನೆ.

ಆದರೆ ಸಗಟು ಖರೀದಿಯಲ್ಲಿ ಬೆಲೆಯನ್ನು ಪುಟದ ಲೆಕ್ಕದಲ್ಲಿ ನಿಗದಿ ಮಾಡುತ್ತಾರೆ. ಇದರ ಪರಿಣಾಮವನ್ನು ಯೋಚಿಸಿ. ನಕಾಶೆ, ಛಾಯಾಚಿತ್ರ, ಯಾವ ಪದ ಯಾವ ಪುಟದಲ್ಲಿದೆ ಎಂದು ತೋರಿಸುವ ಪದಸೂಚಿ ಇರುವ ನೂರು ಪುಟಕ್ಕೆ ನಮಗೆ ತಗಲುವ ವೆಚ್ಚ ಬರೀ ಪಠ್ಯವಿರುವ ನೂರು ಪುಟಕ್ಕಿಂತ ಬಹಳ ಹೆಚ್ಚು. ಹೀಗಾಗಿ ಕಥೇತರ ಪುಸ್ತಕಕ್ಕೆ ಪದಸೂಚಿ ಮಾಡಿಸುವುದನ್ನೇ ಎಷ್ಟೋ ಪ್ರಕಾಶಕರು ಬಿಟ್ಟಿದ್ದಾರೆ. ಮೇಲಿನ ತಮ್ಮ ಕೇಳಿದ ಹಾಗೆ ಪರಾಮರ್ಶನಕ್ಕೆ ಬೇಕಾದ ಪುಸ್ತಕಕ್ಕೆ ಪದಸೂಚಿಯೇ ಇಲ್ಲದಿದ್ದರೆ ಅದು ಅರ್ಧ ಕುರುಡಾದ ಹಾಗೆ. ನಮ್ಮ ಮನೆಯಲ್ಲಿ ಪದಸೂಚಿಯನ್ನು ನನ್ನ ಹೆಂಡತಿ ಕೈಯಾರೆ ತಯಾರಿಸುತ್ತಾರೆ. ಒಂದು ಪುಸ್ತಕಕ್ಕೆ ಹದಿನೈದು ದಿನ ಹಿಡಿಯುತ್ತದೆ.

ಬೆರಳ ಓದು

ಕುರುಡು ಎನ್ನುವ ಹೋಲಿಕೆಯನ್ನು ಬಿಟ್ಟರೆ ನಿಮ್ಮ ಮಾತನ್ನು ಪೂರ್ತಿ ಒಪ್ಪುತ್ತೇನೆ. ನಾನು ದೃಷ್ಟಿ ಇಲ್ಲದ ಓದುಗ. ಪದಸೂಚಿಯೂ ಅಧ್ಯಾಯಗಳ ಕ್ರಮವೂ ಸರಿಯಾಗಿರುವ ಪುಸ್ತಕ ನನಗೆ ಇನ್ನೂ ಹೆಚ್ಚು ಬೇಕು.

ಹೊಸ ಪುಸ್ತಕಗಳ ಮೇಜು ಎಂದಾಗ ನನ್ನಂಥವರನ್ನೂ ನೆನೆಯಿರಿ. ಮುದ್ರಿತ ಪುಸ್ತಕವನ್ನು ಓದಲಾಗದವರಿಗಾಗಿ 2016ರಲ್ಲಿ ‘ಸುಗಮ್ಯ ಪುಸ್ತಕಾಲಯ’ ಎಂಬ ಆನ್‌ಲೈನ್ ಸಂಗ್ರಹ ಶುರುವಾಯಿತು. 2012ರ ಕೃತಿಸ್ವಾಮ್ಯ ತಿದ್ದುಪಡಿಯ ನಂತರ ನಮಗಾಗಿ ಪುಸ್ತಕವನ್ನು ಬ್ರೈಲ್‌ಗೋ ಧ್ವನಿಗೋ ಪರಿವರ್ತಿಸಲು ಲೇಖಕರ ಅನುಮತಿಯೂ ಬೇಕಿಲ್ಲ. ಅಡ್ಡಿ ಇರುವುದು ಕಡತದಲ್ಲಿ. ಹಳೆಯ ಅಕ್ಷರ ತಂತ್ರಾಂಶದಲ್ಲಿ ಅಚ್ಚಿಗೆ ಸಿದ್ಧಪಡಿಸಿದ ಕನ್ನಡ ಕಡತವನ್ನು ಓದುವ ತಂತ್ರಾಂಶಕ್ಕೆ ಕೊಟ್ಟರೆ ಅರ್ಥವಿಲ್ಲದ ಸದ್ದು ಬರುತ್ತದೆ. ಯೂನಿಕೋಡ್ ಕಡತ ಸಿಕ್ಕರೆ ಪುಸ್ತಕ ಬಿಡುಗಡೆಯಾದ ದಿನವೇ ನಾನೂ ಓದಬಲ್ಲೆ.

ಸಣ್ಣ ಪ್ರಕಾಶನ

ಆ ಹೋಲಿಕೆ ನನ್ನಿಂದಾದ ತಪ್ಪು, ಕ್ಷಮಿಸಿ. ಕಳೆದ ಮೂರು ವರ್ಷಗಳ ನಮ್ಮ ಎಲ್ಲ ಪುಸ್ತಕಗಳೂ ಯೂನಿಕೋಡ್‌ನಲ್ಲಿವೆ. ಖಾಸಗಿ ಸಂದೇಶದಲ್ಲಿ ನಿಮ್ಮ ವಿಳಾಸ ಕಳುಹಿಸಿ, ಈ ವಾರವೇ ಕಡತಗಳನ್ನು ತಲುಪಿಸುತ್ತೇನೆ.

ಹಡ್ಸನ್ ದಡದ ಕನ್ನಡತಿ

ನ್ಯೂಜೆರ್ಸಿಯಿಂದ ಬರೆಯುತ್ತಿದ್ದೇನೆ. ಇಲ್ಲಿನ ಕೌಂಟಿ ಗ್ರಂಥಾಲಯದಲ್ಲಿ ‘ಈ ಪುಸ್ತಕ ಕೊಳ್ಳಿ’ ಎಂದು ಓದುಗರು ಸೂಚಿಸುವ ಅರ್ಜಿ ಇದೆ. ನಾವು ಆರು ಮನೆಯವರು ಸೇರಿ ಎರಡು ವರ್ಷ ಬಿಡದೆ ಅರ್ಜಿ ಹಾಕಿದ ಮೇಲೆ ಒಂದು ಸಣ್ಣ ಕನ್ನಡ ಕಪಾಟು ಬಂತು, ಇಪ್ಪತ್ತೇಳು ಪುಸ್ತಕ. ಇಲ್ಲದ್ದನ್ನು ಬೇರೆ ಗ್ರಂಥಾಲಯದಿಂದ ಎರವಲು ತರಿಸಿಕೊಡುತ್ತಾರೆ. ಹಾಗೆ ನನಗೆ ಒಮ್ಮೆ ಶಿಕಾಗೋ ವಿಶ್ವವಿದ್ಯಾಲಯದಿಂದ ಕನ್ನಡದ ಒಂದು ಜಾನಪದ ಸಂಗ್ರಹ ಬಂದಿತ್ತು. ಅಮೆರಿಕದ ಕಾಂಗ್ರೆಸ್ ಗ್ರಂಥಾಲಯವು 1962ರಿಂದ ದೆಹಲಿಯಲ್ಲಿ ಕಚೇರಿ ಇಟ್ಟುಕೊಂಡು ಭಾರತೀಯ ಭಾಷೆಗಳ ಪುಸ್ತಕಗಳನ್ನು ಆರಿಸಿ ತರಿಸಿಕೊಳ್ಳುತ್ತಿದೆ, ಕನ್ನಡವೂ ಸೇರಿ. ಇಷ್ಟು ದೂರದವರು ಕೇಳಿ ತರಿಸಿಕೊಳ್ಳುತ್ತಿರುವಾಗ ಅಲ್ಲಿರುವ ನೀವು ಬೇಡಿಕೆ ಪುಸ್ತಕವನ್ನು ಖಾಲಿ ಬಿಡಬೇಡಿ.

ಬಾನು ಮುಷ್ತಾಕ್ ಅವರಿಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ಇಲ್ಲಿ ‘ಹಾರ್ಟ್ ಲ್ಯಾಂಪ್’ಗೆ ನನ್ನ ಹಿಂದೆ ಮುಂದೆ ಮೂವತ್ತು ಜನ ಸರತಿಯಲ್ಲಿದ್ದರು. ಅದನ್ನು ಕಂಡು ಕಣ್ಣು ತುಂಬಿತು.

ತುಂಗಾತೀರದ ಓದುಗ

ಅಕ್ಕಾ, ನೀವು ಆ ಹೆಸರು ತೆಗೆದದ್ದು ಒಳ್ಳೆಯದಾಯಿತು. 2025ರ ಮೇ 20ರಂದು ಲಂಡನ್ನಿನಲ್ಲಿ ಪ್ರಶಸ್ತಿ ಘೋಷಣೆಯಾಯಿತು. ಕನ್ನಡಕ್ಕೆ ಅದು ಮೊದಲನೆಯದು, ಸಣ್ಣ ಕಥೆಗಳ ಸಂಕಲನಕ್ಕೂ ಮೊದಲನೆಯದು. ಆ ವಾರ ನಾನು ಗ್ರಂಥಾಲಯದಲ್ಲಿದ್ದೆ. ಬಂದವರೆಲ್ಲ ‘ಆ ಇಂಗ್ಲಿಷ್ ಪುಸ್ತಕ ಬಂದಿದೆಯೇ’ ಎಂದು ಕೇಳುತ್ತಿದ್ದರು. ದೀಪಾ ಭಾಸ್ತಿ ಅವರು ಅನುವಾದಿಸಿದ ಆ ಹನ್ನೆರಡು ಕಥೆಗಳು ಮೂರು ದಶಕಗಳಲ್ಲಿ ಕನ್ನಡದಲ್ಲಿಯೇ ಬರೆದವು. ನಾನು ಎದ್ದು 894.814ರ ಸಾಲಿಗೆ ಹೋದೆ. ಬಾನು ಅವರ ಹಳೆಯ ಸಂಕಲನವೊಂದು ಅಲ್ಲಿಯೇ ಇತ್ತು. ಹಿಂದಿನ ಚೀಟಿಯಲ್ಲಿ ಎರಡೇ ದಿನಾಂಕದ ಮೊಹರು, ಎರಡನೆಯದು ಹನ್ನೊಂದು ವರ್ಷ ಹಿಂದಿನದು. ಅದನ್ನು ತಂದು ಮುಂದಿನ ಮೇಜಿನ ಮೇಲೆ ಇಟ್ಟೆ. ಗ್ರಂಥಪಾಲಕರು ನೋಡಿ ಸುಮ್ಮನೆ ತಲೆಯಾಡಿಸಿದರು. ಒಂದು ಗಂಟೆಯೊಳಗೆ ಹೋಯಿತು. ಈಗ ಆ ಚೀಟಿ ತುಂಬಿ ಹೊಸ ಚೀಟಿ ಅಂಟಿಸಿದ್ದಾರೆ.

ಹಳೆಯ ಹೊತ್ತಿಗೆ

ಇಲ್ಲಿಯವರೆಗೆ ಸುಮ್ಮನೆ ಓದುತ್ತಿದ್ದೆ. ನನಗೆ ಹೊಸದರ ಈ ಹಂಬಲ ಸ್ವಲ್ಪ ಆತಂಕ ಹುಟ್ಟಿಸುತ್ತದೆ. ಕಪಾಟಿನಲ್ಲಿ ಜಾಗ ಅಷ್ಟೇ ಇರುತ್ತದೆ. ನೂರು ಹೊಸದು ಬಂದರೆ ನೂರು ಹಳೆಯದು ಮೂಟೆ ಸೇರುತ್ತದೆ. ನಾನು ಹರಿದ ಬೆನ್ನಿನ ಎಷ್ಟೋ ಪುಸ್ತಕಗಳು ಮಹಡಿಯ ಕೋಣೆಯಲ್ಲಿ ಗೆದ್ದಲಿಗೆ ಹೋದದ್ದನ್ನು ಕಂಡಿದ್ದೇನೆ. ಮರುಮುದ್ರಣ ಕಾಣದ ಪುಸ್ತಕ ಒಮ್ಮೆ ಹೋದರೆ ಹೋಯಿತು. ಹೊಸ ಕಾದಂಬರಿಯನ್ನು ಅಂಗಡಿಯಲ್ಲಾದರೂ ಕೊಳ್ಳಬಹುದು.

ನಿವೃತ್ತ ಗ್ರಂಥಪಾಲಕ

ನಿಮ್ಮ ಆತಂಕ ನಿಜವಾದದ್ದು. ಅಂಗಡಿಯಲ್ಲಿ ಕೊಳ್ಳಬಹುದು ಎನ್ನುವುದನ್ನು ಮಾತ್ರ ನಾನು ಒಪ್ಪುವುದಿಲ್ಲ. ಕೊಳ್ಳಲಾಗದವರಿಗಾಗಿಯೇ ನಾವಿರುವುದು.

ಪುಸ್ತಕ ಬಂದ ತಕ್ಷಣ, ಬಂದ ಪುಸ್ತಕಗಳನ್ನೆಲ್ಲ ದಾಖಲಿಸುವ ಪರಿಗ್ರಹಣ ವಹಿಯಲ್ಲಿ ಸಂಖ್ಯೆ ಬೀಳುತ್ತದೆ. ಅದೇ ಸಂಖ್ಯೆಯನ್ನು ಮುಖಪುಟದ ಹಿಂದೆಯೂ ಒಳಗಿನ ಒಂದು ಗೊತ್ತಾದ ಪುಟದಲ್ಲಿಯೂ ಬರೆಯುತ್ತೇವೆ. ಅದನ್ನು ರಹಸ್ಯ ಪುಟ ಎನ್ನುತ್ತೇವೆ. ಮೊದಲ ಹಾಳೆ ಹರಿದರೂ ಪುಸ್ತಕ ಯಾರದೆಂದು ತಿಳಿಯುತ್ತದೆ. ಪುಸ್ತಕ ತೆಗೆದುಹಾಕುವುದಾದರೂ ಆ ವಹಿಯಲ್ಲಿ ಕಾರಣ ಸಹಿತ ಬರೆದೇ ತೆಗೆಯಬೇಕು. ನಾನು ತೆಗೆಯುತ್ತಿದ್ದದ್ದು ಹಳೆಯ ಪರೀಕ್ಷಾ ಕೈಪಿಡಿಗಳನ್ನು, ರದ್ದಾದ ಕಾನೂನುಗಳ ಪುಸ್ತಕಗಳನ್ನು. ಅಪರೂಪದವನ್ನು ಬಟ್ಟೆಯ ಬೆನ್ನು ಹಾಕಿಸಿ ಪರಾಮರ್ಶನ ವಿಭಾಗಕ್ಕೆ ಕಳುಹಿಸುತ್ತಿದ್ದೆ. ಹೊಸದು ಬಾರದ ಗ್ರಂಥಾಲಯಕ್ಕೆ ಜನರೂ ಬರುವುದಿಲ್ಲ. ಜನ ಬಾರದ ಕಡೆ ಮೊದಲು ಬರುವುದೇ ಗೆದ್ದಲು. ಇದನ್ನು ನಾನು ಎರಡು ಊರುಗಳಲ್ಲಿ ಕಣ್ಣಾರೆ ಕಂಡವನು.

ಹಳೆಯ ಹೊತ್ತಿಗೆ

ಕೊನೆಯ ಮಾತು ಯೋಚಿಸುವಂತೆ ಮಾಡಿತು ಸರ್. ನನ್ನ ಬಳಿ ಒಂದೇ ಪ್ರತಿ ಉಳಿದಿರುವ ಹನ್ನೆರಡು ಪುಸ್ತಕಗಳಿವೆ. ಬೆನ್ನು ಹಾಕಿಸಿ ಕೊಡುವವರು ಯಾರಾದರೂ ಗೊತ್ತಿದ್ದರೆ ತಿಳಿಸಿ.

ಪರೀಕ್ಷೆಯ ತಯಾರಿ

ಒಂದು ಸುದ್ದಿ. ಇವತ್ತು ಬೇಡಿಕೆ ಪುಸ್ತಕ ಕೇಳಿದೆ. ಒಳಗಿನ ಬೀರುವಿನಲ್ಲಿತ್ತು, ಹುಡುಕಿ ಕೊಟ್ಟರು. ಕೊನೆಯ ಬರಹ ಎರಡು ವರ್ಷ ಹಿಂದಿನದು. ನಾವು ಹದಿನೆಂಟು ಜನ ಒಬ್ಬರ ಹಿಂದೆ ಒಬ್ಬರು ಬರೆದೆವು. ಐಎಸ್‌ಬಿಎನ್ ಸಂಖ್ಯೆ ಸಹಿತ. ಬರೆಯುವಾಗ ಒಬ್ಬ ಗೆಳತಿ ‘ತೇಜೋ ತುಂಗಭದ್ರಾ’ ಕಾದಂಬರಿಯ ಇನ್ನೊಂದು ಪ್ರತಿ ಬೇಕೆಂದು ಸೇರಿಸಿದಳು. ಇರುವ ಪ್ರತಿ ಯಾವಾಗ ಕೇಳಿದರೂ ಹೊರಗೇ ಇರುತ್ತದಂತೆ. ಬೇಡಿಕೆ ಪುಸ್ತಕವನ್ನು ಇನ್ನು ಮೇಲೆ ಹೊರಗೇ ಇಡುತ್ತೇವೆ ಎಂದು ಗ್ರಂಥಪಾಲಕರು ಹೇಳಿದರು. ಮೇಜಿನ ಬದಲು ಕಿಟಕಿಯ ಕೆಳಗಿನ ಕಟ್ಟೆಯ ಮೇಲೆ ಹೊಸ ಪುಸ್ತಕ ಇಡಬಹುದೇ ಎಂದು ಕೇಳಿದ್ದೇನೆ. ಅಲ್ಲಿ ಯಾರೂ ಕೂರುವುದಿಲ್ಲ.

ಇನ್ನೊಂದು ಮಾತು ಸರ್. ನೀವು ಬರೆದದ್ದನ್ನು ಓದಿದ ಮೇಲೆ ‘ಕುದಿ ಎಸರು’ ಓದಬೇಕೆನಿಸಿದೆ. ಪರೀಕ್ಷೆಗಲ್ಲ. ನಾನೂ ನಿಮ್ಮ ಊರಿನವನೇ, ನಿಮ್ಮ ಹೆಸರಿನಲ್ಲಿಯೇ ಆ ಪ್ರತಿ ಇದೆ ಎಂದು ಹೇಳಿದರು. ಯಾವಾಗ ಮರಳಿಸುತ್ತೀರಿ?

ತುಂಗಾತೀರದ ಓದುಗ

ಕಟ್ಟೆಯ ಉಪಾಯ ಬಹಳ ಚೆನ್ನಾಗಿದೆ ತಮ್ಮಾ, ನಾನೂ ಬಂದು ಹೇಳುತ್ತೇನೆ. ಪುಸ್ತಕ ಓದಿ ಮುಗಿದಿದೆ, ಈಗ ಮನೆಯವರ ಕೈಯಲ್ಲಿದೆ, ಇನ್ನು ಐವತ್ತು ಪುಟ ಬಾಕಿ. ಸೋಮವಾರ ಗ್ರಂಥಾಲಯಕ್ಕೆ ರಜೆ. ಬರುವ ಮಂಗಳವಾರ ತಿಂಗಳ ಎರಡನೆಯ ಮಂಗಳವಾರ ಅಲ್ಲ, ಆದ್ದರಿಂದ ತೆರೆದಿರುತ್ತದೆ. ಬೆಳಿಗ್ಗೆ ಎಂಟೂವರೆಗೆ ಎರವಲು ವಿಭಾಗದ ಬಳಿ ಬಾ. ನಾನು ಮರಳಿಸಿದ ಕೂಡಲೇ ನಿನ್ನ ಹೆಸರಿಗೆ ಬರೆಸೋಣ. ನಿನ್ನ ಎರವಲು ಚೀಟಿ ತರುವುದನ್ನು ಮರೆಯಬೇಡ.